ಬ್ರಿಟನ್ ಬಿಟ್ಟು ಫ್ರಾನ್ಸ್‌ಗೆ: ಮೊದಲು ಅಂಚೆ ಡಬ್ಬಿಗೆ ಹೆಸರು ಅಂಟಿಸಿ

ಇಂಗ್ಲೆಂಡಿನಲ್ಲಿ ಇಪ್ಪತ್ತು ಮೂವತ್ತು ವರ್ಷ ದುಡಿದು, ಬ್ರಿಟಿಷ್ ಪಾಸ್‌ಪೋರ್ಟ್ ಪಡೆದು, ಈಗ ಫ್ರಾನ್ಸ್‌ನಲ್ಲಿ ನೆಲೆಸೋಣ ಅಂತ ಹೊರಟಿರುವ ಕನ್ನಡಿಗರ ಪತ್ರಗಳು ಈಚೆಗೆ ಜಾಸ್ತಿ ಬರುತ್ತಿವೆ. ನಾನಿರುವುದು ದೋರ್ದೋನ್ ಪ್ರಾಂತ್ಯದಲ್ಲಿ, ಬೆರ್ಜರಾಕ್ ಪಕ್ಕದ ಒಂದು ಹಳ್ಳಿಯಲ್ಲಿ. ಈ ಸೀಮೆಯಲ್ಲಿ ಬ್ರಿಟಿಷರು ಬೇಕಾದಷ್ಟಿದ್ದಾರೆ. ಹತ್ತಿರದ ಎಮೆ ಊರಿನ ಸಂತೆಗೆ ಹೋದರೆ ಸೊಪ್ಪಿನ ಅಂಗಡಿ ಮುಂದೆ ಇಂಗ್ಲಿಷ್ ಕೇಳುವುದು ಮಾಮೂಲು. ಹೊಸದಾಗಿ ಬಂದವರ ಕಾಗದಪತ್ರ ಸರಿಮಾಡಿಕೊಡುವುದು ನನ್ನ ಕೆಲಸ. ಬಂದ ಪತ್ರಗಳಲ್ಲಿ ಆರಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 68, ನನ್ನ ಹೆಂಡತಿಗೆ 63. ಲೆಸ್ಟರ್‌ನ ಮನೆ ಮಾರಿ ಬರುವ ಯೋಚನೆ. 2015ರಲ್ಲಿ ನಮ್ಮ ಸ್ನೇಹಿತರು ಕಾರಿಗೆ ಸಾಮಾನು ತುಂಬಿಕೊಂಡು ಬಂದವರು ಅಲ್ಲೇ ಉಳಿದುಬಿಟ್ಟರು. ನಾವೂ ಹಾಗೆ ಬರಬಹುದಾ?

ಆಗುವುದಿಲ್ಲ ಸಾರ್. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟದ್ದರಿಂದ ಆ ಕಾಲ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಈಗ ಬ್ರಿಟಿಷ್ ಪಾಸ್‌ಪೋರ್ಟಿನವರು ವೀಸಾ ಇಲ್ಲದೆ ಇರಬಹುದಾದದ್ದು ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ. ಅದೂ ಫ್ರಾನ್ಸ್ ಒಂದಕ್ಕೇ ಅಲ್ಲ, ಷೆಂಗನ್ ದೇಶಗಳಿಗೆಲ್ಲ, ಅಂದರೆ ತಮ್ಮ ನಡುವೆ ಗಡಿ ತಪಾಸಣೆ ತೆಗೆದುಹಾಕಿದ ಯುರೋಪಿನ ದೇಶಗಳಿಗೆಲ್ಲ, ಸೇರಿಸಿ. ಸ್ಪೇನ್‌ನಲ್ಲಿ ಕಳೆದ ವಾರವೂ ಈ ಲೆಕ್ಕಕ್ಕೇ ಬರುತ್ತದೆ.

ನಿಮಗೆ ಬೇಕಾದದ್ದು ಒಂದು ವರ್ಷದ 'ವಿಸಿಟರ್' ವೀಸಾ. ಬ್ರಿಟನ್‌ನಲ್ಲಿದ್ದಾಗಲೇ ಅರ್ಜಿ ಹಾಕಬೇಕು. ಹೊರಡುವ ದಿನಕ್ಕೆ ಮೂರು ತಿಂಗಳ ಮೊದಲಿನಿಂದ ಹಾಕಬಹುದು. ಪಿಂಚಣಿ, ಬಾಡಿಗೆ ಅಥವಾ ಉಳಿತಾಯದಿಂದ ಬದುಕುತ್ತೇವೆ, ಫ್ರಾನ್ಸ್‌ನಲ್ಲಿ ಕೆಲಸ ಮಾಡುವುದಿಲ್ಲ ಅಂತ ಬರೆದುಕೊಡಬೇಕು. ಬಂದ ಮೇಲೆ ಮೂರು ತಿಂಗಳೊಳಗೆ ಆ ವೀಸಾವನ್ನು ಆನ್‌ಲೈನ್‌ನಲ್ಲಿ ಊರ್ಜಿತಗೊಳಿಸಬೇಕು. ದಯವಿಟ್ಟು ಇದನ್ನು ಮರೆಯಬೇಡಿ. ಮನೆ ಸುಣ್ಣಬಣ್ಣದ ಗಡಿಬಿಡಿಯಲ್ಲಿ ಮರೆತು, ಆಮೇಲೆ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ವರ್ಷ ಮುಗಿಯಲು ನಾಲ್ಕು ತಿಂಗಳು ಇರುವಾಗಲೇ ನವೀಕರಣದ ಕೆಲಸ ಶುರು ಮಾಡಿ. ಎರಡು ತಿಂಗಳಿಗಿಂತ ಕಡಿಮೆ ಉಳಿಯುವವರೆಗೆ ಬಿಡಬೇಡಿ.

ಇನ್ನು ಆಸ್ಪತ್ರೆ ವಿಷಯ. ನಿಮಗೆ ಬ್ರಿಟಿಷ್ ಸರ್ಕಾರದ ಪಿಂಚಣಿ ಬರುತ್ತಿದ್ದರೆ ಎಸ್1 ಫಾರಂ ಕೇಳಿ ಪಡೆಯಿರಿ. ನಿಮ್ಮ ಚಿಕಿತ್ಸೆಯ ಖರ್ಚನ್ನು ಬ್ರಿಟನ್ ಭರಿಸುತ್ತದೆ ಅಂತ ಅದರ ಅರ್ಥ. ನಿಮ್ಮ ಮೇಲೆ ಅವಲಂಬಿತರಾದ ಹೆಂಡತಿಗೂ ಅದರಡಿ ರಕ್ಷಣೆ ಸಿಗುತ್ತದೆ. ಅದನ್ನು ಇಲ್ಲಿನ ಆರೋಗ್ಯ ವಿಮೆ ಕಚೇರಿಗೆ ಕೊಟ್ಟರೆ ಕ್ರಮೇಣ 'ಕಾರ್ತ್ ವಿತಾಲ್' ಎಂಬ ಹಸಿರು ಕಾರ್ಡು ಬರುತ್ತದೆ.

ಆ ಕಾರ್ಡು ಬಂದರೆ ಎಲ್ಲ ಪುಕ್ಕಟೆ ಅಂತಲ್ಲ. ಸಾಮಾನ್ಯ ಡಾಕ್ಟರ ಶುಲ್ಕ 30 ಯೂರೋ. ಅದರಲ್ಲಿ ಸರ್ಕಾರ ಕೊಡುವುದು ನೂರಕ್ಕೆ 70, ಅಂದರೆ 21 ಯೂರೋ. ಅದರಲ್ಲೂ 2 ಯೂರೋ ಹಿಡಿದುಕೊಳ್ಳುತ್ತಾರೆ. ಕೈಗೆ ಬರುವುದು 19. ಉಳಿದ ಪಾಲಿಗೆ 'ಮ್ಯುತ್ಯುಎಲ್' ಅನ್ನುವ ಖಾಸಗಿ ವಿಮೆ ಮಾಡಿಸಿಕೊಳ್ಳುತ್ತಾರೆ. ಆದರೆ ಒಬ್ಬ ಡಾಕ್ಟರನ್ನು 'ನಮ್ಮ ಮನೆ ಡಾಕ್ಟರು' ಅಂತ ದಾಖಲು ಮಾಡಿಸದಿದ್ದರೆ ನೂರಕ್ಕೆ 30ರ ಲೆಕ್ಕ. ಆಗ ಅದೇ ಭೇಟಿಗೆ ವಾಪಸು ಸಿಗುವುದು 7 ಯೂರೋ. ಹಳ್ಳಿ ಕಡೆ ಡಾಕ್ಟರ ಕೊರತೆ ಜೋರಾಗಿದೆ, ಎಷ್ಟೋ ಜನ ಹೊಸ ರೋಗಿಗಳನ್ನು ತೆಗೆದುಕೊಳ್ಳುವುದಿಲ್ಲ. ಮನೆ ನೋಡಲು ಬಂದಾಗ ಈಜುಕೊಳ ನೋಡುವ ಮೊದಲು ಊರಿನ ಔಷಧಿ ಅಂಗಡಿಗೆ ಹೋಗಿ, ಸುತ್ತಮುತ್ತ ಯಾವ ಡಾಕ್ಟರು ಹೊಸಬರನ್ನು ನೋಡುತ್ತಾರೆ ಅಂತ ವಿಚಾರಿಸಿ. ನನ್ನ ಮಾತು ಕೇಳಿ, ಇದು ಮನೆಯ ಬೆಲೆಗಿಂತ ಮುಖ್ಯ.

ಒಂದು ಸಮಾಧಾನದ ವಿಷಯವೂ ಇದೆ. ಬ್ರಿಟಿಷ್ ಸರ್ಕಾರದ ಪಿಂಚಣಿ ಇಟ್ಟುಕೊಂಡು ಭಾರತಕ್ಕೆ ಹೋಗಿ ನೆಲೆಸಿದರೆ ಆ ಮೊತ್ತ ಅಲ್ಲಿಗೇ ನಿಂತುಬಿಡುತ್ತದೆ. ಫ್ರಾನ್ಸ್‌ನಲ್ಲಿದ್ದರೆ ವರ್ಷ ವರ್ಷ ಏರುತ್ತದೆ.

ಪ್ರಶ್ನೆ: ನಾನು ಹುಟ್ಟಿದ್ದು ಶಿವಮೊಗ್ಗದಲ್ಲಿ. ಮದುವೆಯಾದ ಮೇಲೆ ಯಜಮಾನರ ಹೆಸರನ್ನೇ ಸರ್‌ನೇಮ್ ಮಾಡಿಕೊಂಡೆ, ಬ್ರಿಟಿಷ್ ಪಾಸ್‌ಪೋರ್ಟಿನಲ್ಲೂ ಅದೇ ಇದೆ. ಫ್ರಾನ್ಸ್‌ನ ಅರ್ಜಿಗಳಲ್ಲಿ 'ಹುಟ್ಟಿದಾಗಿನ ಹೆಸರು' ಅಂತ ಕೇಳುತ್ತಾರೆ. ಏನು ಬರೆಯಲಿ?

ಅಕ್ಕಾ, ಇಲ್ಲಿಗೆ ಬರುವ ನಮ್ಮ ಹೆಣ್ಣುಮಕ್ಕಳು ಜಾಸ್ತಿ ಒದ್ದಾಡುವುದು ಈ ಒಂದು ಖಾನೆಯಲ್ಲೇ. ಫ್ರಾನ್ಸ್‌ನ ಕಾನೂನಿನ ಕಣ್ಣಲ್ಲಿ ಹೆಂಗಸಿನ ಹೆಸರು ಮದುವೆಯಿಂದ ಬದಲಾಗುವುದಿಲ್ಲ. ಗಂಡನ ಹೆಸರನ್ನು ಬಳಕೆಗೆ ಇಟ್ಟುಕೊಳ್ಳಬಹುದು ಅಷ್ಟೇ. ತೆರಿಗೆ, ಆರೋಗ್ಯ ವಿಮೆ, ವಾಸದ ಕಾರ್ಡು, ಎಲ್ಲದರಲ್ಲೂ ಮೊದಲು ಕೂರುವುದು ಹುಟ್ಟಿದಾಗಿನ ಹೆಸರು.

ನಮ್ಮಲ್ಲಿ ಹುಟ್ಟಿದಾಗ ಇನಿಷಿಯಲ್ ಇರುತ್ತದೆಯೇ ಹೊರತು ಮನೆತನದ ಹೆಸರು ಎಲ್ಲರಿಗೂ ಇರುವುದಿಲ್ಲ ಅಲ್ವಾ? ಹಳೆಯ ಜನನ ಪತ್ರಗಳಲ್ಲಿ ಮಗುವಿನ ಹೆಸರೇ ಇಲ್ಲದೆ 'ಹೆಣ್ಣು' ಅಂತ ಮಾತ್ರ ಇರುವುದೂ ಉಂಟು. ಅಂಥದ್ದಾದರೆ ಊರಿಗೆ ಹೋದಾಗಲೇ ಆ ಕೆಲಸ ಹಿಡಿಯಿರಿ. ತಂದೆತಾಯಿಯ ಹೆಸರು ಇರುವ, ಕನ್ನಡ ಇಂಗ್ಲಿಷ್ ಎರಡೂ ಇರುವ ಪ್ರತಿ ತೆಗೆದುಕೊಳ್ಳಿ. ಅದಕ್ಕೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ, ಅಂದರೆ ಕಾಗದ ಅಸಲಿ ಅಂತ ಹೊರದೇಶದವರಿಗೆ ತೋರಿಸುವ ಮುದ್ರೆ, ಹಾಕಿಸಿ. ಆಮೇಲೆ ಕೋರ್ಟಿನಲ್ಲಿ ಪ್ರಮಾಣ ಮಾಡಿದ ಅನುವಾದಕರಿಂದ ಫ್ರೆಂಚಿಗೆ ಮಾಡಿಸಿ. ನೀವೇ ಮಾಡಿದ ಅನುವಾದ, ಎಷ್ಟೇ ಚೆನ್ನಾಗಿದ್ದರೂ, ನಡೆಯುವುದಿಲ್ಲ. ಒಮ್ಮೆ ಯಾವ ಕಾಗುಣಿತದಲ್ಲಿ ಬರೆಯುತ್ತೀರೋ ಎಲ್ಲ ಕಡೆ ಅದನ್ನೇ ಬರೆಯಿರಿ. ಒಂದು ಕಡೆ 'ಎ', ಇನ್ನೊಂದು ಕಡೆ ಎರಡು 'ಎ' ಆದರೆ ಕಂಪ್ಯೂಟರಿಗೆ ನೀವು ಇಬ್ಬರು.

ಕಾಗದ ಸರಿಯಾದ ಮೇಲೆ ಹದಿನೈದು ಅಂಕಿಯ ಸಾಮಾಜಿಕ ಭದ್ರತೆ ಸಂಖ್ಯೆ ಬರುತ್ತದೆ. ಅದನ್ನು ಓದುವುದು ಸುಲಭ. ಮೊದಲ ಅಂಕಿ ಹೆಂಗಸರಿಗೆ 2, ಗಂಡಸರಿಗೆ 1. ಆಮೇಲೆ ಹುಟ್ಟಿದ ವರ್ಷ, ತಿಂಗಳು. ಹೊರದೇಶದಲ್ಲಿ ಹುಟ್ಟಿದವರಿಗೆ ಮುಂದೆ 99. ನಿಮ್ಮದರಲ್ಲಿ ಹೀಗಿದೆಯಾ ಅಂತ ಬಂದ ದಿನವೇ ನೋಡಿಕೊಳ್ಳಿ. ತಪ್ಪಿದ್ದರೆ ಆಗಲೇ ಹೇಳಿ.

ಹೆಸರಿನ ಮಾತು ಬಂದದ್ದರಿಂದ ಅಂಚೆ ಡಬ್ಬಿಯ ವಿಷಯ ಹೇಳಲೇಬೇಕು. ಇಂಗ್ಲೆಂಡಿನಲ್ಲಿ ಬಾಗಿಲ ಸಂದಿಯಲ್ಲಿ ಪತ್ರ ತೂರಿಸುತ್ತಾರೆ, ಮನೆ ಸಂಖ್ಯೆ ಇದ್ದರೆ ಸಾಕು. ಇಲ್ಲಿ ಅಂಚೆಯಣ್ಣ ನೋಡುವುದು ಡಬ್ಬಿಯ ಮೇಲಿನ ಹೆಸರು. ನಾನು ಬಂದ ಹೊಸದರಲ್ಲಿ ಡಬ್ಬಿಯ ಮೇಲೆ ಹಳೆಯ ಬಾಡಿಗೆದಾರರ ಹೆಸರೇ ಇತ್ತು. ಒಂದು ಕಚೇರಿಯಿಂದ ನನಗೆ ಬರಬೇಕಿದ್ದ ಪತ್ರ 'ಈ ವಿಳಾಸದಲ್ಲಿ ಇಲ್ಲ' ಅಂತ ಗುರುತು ಹಾಕಿಸಿಕೊಂಡು ವಾಪಸು ಹೋಯಿತು. ಮತ್ತೆ ಬರಲು ಆರು ವಾರ ಹಿಡಿಯಿತು. ಬೀಗದ ಕೈ ಸಿಕ್ಕ ದಿನವೇ ನಿಮ್ಮ ಹುಟ್ಟಿದ ಹೆಸರು, ಬಳಕೆಯ ಹೆಸರು, ಯಜಮಾನರ ಹೆಸರು, ಮೂರನ್ನೂ ದಪ್ಪಕ್ಷರದಲ್ಲಿ ಬರೆದು ಡಬ್ಬಿಗೆ ಅಂಟಿಸಿ. ಕರೆಂಟ್ ಬಿಲ್ಲಿನಲ್ಲೂ ಇಬ್ಬರ ಹೆಸರು ಹಾಕಿಸಿ. ಬ್ಯಾಂಕು, ಶಾಲೆ, ಗ್ರಂಥಾಲಯ ಎಲ್ಲ ಕಡೆ ವಿಳಾಸಕ್ಕೆ ಪುರಾವೆ ಕೇಳಿದಾಗ ಆ ಬಿಲ್ಲೇ ಕೈಹಿಡಿಯುವುದು. ಸಾಮಾನ್ಯವಾಗಿ ಮೂರು ತಿಂಗಳಿಗಿಂತ ಹಳೆಯದನ್ನು ಒಪ್ಪುವುದಿಲ್ಲ.

ಪ್ರಶ್ನೆ: ನನ್ನ ಬ್ರಿಟಿಷ್ ಲೈಸೆನ್ಸ್ ಮತ್ತು ಕಾರು ಅಲ್ಲಿ ನಡೆಯುತ್ತಾ?

ಲೈಸೆನ್ಸ್ 2021ರ ಜನವರಿ 1ಕ್ಕೆ ಮೊದಲು ಕೊಟ್ಟದ್ದಾದರೆ ಅವಧಿ ಮುಗಿಯುವವರೆಗೆ ನಡೆಯುತ್ತದೆ. ಆಮೇಲೆ ಕೊಟ್ಟದ್ದಾದರೆ, ಇಲ್ಲಿ ವಾಸ ಶುರುವಾದ ಒಂದು ವರ್ಷದೊಳಗೆ ಫ್ರೆಂಚ್ ಲೈಸೆನ್ಸಿಗೆ ಬದಲಾಯಿಸಿಕೊಳ್ಳಬೇಕು. ಕಾರನ್ನು ಮಾತ್ರ ಅಲ್ಲೇ ಮಾರಿ ಬನ್ನಿ. ಸುಂಕದ ಕಾಗದ, ತೆರಿಗೆ ಕಚೇರಿಯ ಕಾಗದ, ರಸ್ತೆಯ ಎಡಬದಿಗೆ ಹೊಂದಿಸಿದ್ದರಿಂದ ಇಲ್ಲಿ ಎದುರಿನವರ ಕಣ್ಣು ಕುಕ್ಕುವ ಹೆಡ್‌ಲೈಟು, ಇಷ್ಟೆಲ್ಲ ಸರಿಮಾಡುವ ಹೊತ್ತಿಗೆ ಇಲ್ಲಿನ ಹಳೆಯ ಕಾರೊಂದು ಮನೆ ಮುಂದೆ ಬಂದು ನಿಂತಿರುತ್ತದೆ. ಕಾರಿನಲ್ಲಿ ಹಳದಿ ಜಾಕೆಟ್ಟು, ಎಚ್ಚರಿಕೆಯ ತ್ರಿಕೋನ ಇರಲೇಬೇಕು. ಹಳ್ಳಿಯೊಳಗೆ ಬೋರ್ಡು ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ನೀವು ದೊಡ್ಡ ರಸ್ತೆಯಲ್ಲಿದ್ದು ಅವರು ಸಣ್ಣ ಓಣಿಯಿಂದ ಬಂದರೂ ಸರಿ. ಮೊದಲ ವಾರ ನಿಧಾನವಾಗಿ ಓಡಿಸಿ.

ಪ್ರಶ್ನೆ: ಮನೆಯಲ್ಲಿ ಕಾಸಿದ ತುಪ್ಪ, ಕರಿಬೇವು, ತೆಂಗಿನಕಾಯಿ, ಹುಳಿಪುಡಿ ತರಬಹುದಾ? ನಾವು ಸಸ್ಯಾಹಾರಿಗಳು.

ತುಪ್ಪ ಬೇಡ. ಬ್ರಿಟನ್‌ನಿಂದ ಬರುವ ಪ್ರಯಾಣಿಕರು ಮಾಂಸ, ಹಾಲು, ಹಾಲಿನ ಪದಾರ್ಥ ತರುವಂತಿಲ್ಲ. ಅಂಚೆಯಲ್ಲಿ ತರಿಸಿಕೊಳ್ಳುವಂತೆಯೂ ಇಲ್ಲ. ಹಾಲಿನ ಪುಡಿ ಸೇರಿರುವ ಜಾಮೂನು ಪುಡಿಯನ್ನೂ ಬಿಟ್ಟು ಬನ್ನಿ. ಕರಿಬೇವೂ ಬೇಡ, ಹಸಿ ಸೊಪ್ಪು ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ಆ ಪತ್ರ ಬೇಡದ ಹಣ್ಣುಗಳು ಐದೇ: ಬಾಳೆ, ಅನಾನಸ್, ಖರ್ಜೂರ, ಡುರಿಯನ್, ಮತ್ತೆ ನಮ್ಮ ತೆಂಗಿನಕಾಯಿ! ಹಾಗಾಗಿ ಕಾಯಿ ಧಾರಾಳವಾಗಿ ತನ್ನಿ. ಒಣ ಹುಳಿಪುಡಿ, ಸಾರಿನಪುಡಿಗೂ ತೊಂದರೆಯಿಲ್ಲ.

ತುಪ್ಪ ಇಲ್ಲೇ ಕಾಸಿ. ಫ್ರಾನ್ಸ್‌ನ ಬೆಣ್ಣೆ ಅಷ್ಟು ಚೆನ್ನಾಗಿದೆ. ಪೊಟ್ಟಣದ ಮೇಲೆ 'ದೂ' ಅಂತ ಇರುವುದನ್ನೇ ಕೊಳ್ಳಿ, ಅದು ಸಪ್ಪೆ ಬೆಣ್ಣೆ. 'ದೆಮಿ ಸೆಲ್' ಅಂದರೆ ಉಪ್ಪು ಹಾಕಿದ್ದು, ಕಾಸಿದರೆ ತಳದ ಗಸಿಯೆಲ್ಲ ಉಪ್ಪುಪ್ಪಾಗುತ್ತದೆ. ಉಪ್ಪಿಟ್ಟಿಗೆ 'ಸೆಮೂಲ್ ಫಿನ್' ಅನ್ನುವ ಸಣ್ಣ ರವೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಅದು ಗಟ್ಟಿ ಗೋಧಿಯ ರವೆ, ಹುರಿದರೆ ಚೆನ್ನಾಗಿ ಅರಳುತ್ತದೆ. 'ಲಾಂತಿ ಕೊರಾಯ್' ಅಂದರೆ ನಮ್ಮ ಮಸೂರ ಬೇಳೆ. ತೊಗರಿಬೇಳೆ, ಕರಿಬೇವಿಗೆ ಮಾತ್ರ ಪ್ಯಾರಿಸ್ ಕಡೆ ಹೋದಾಗ ಲಾ ಶಾಪೆಲ್ ಬೀದಿಗಳಿಗೆ ಹೋಗಿ. ಗಾರ್ ದು ನೋರ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ. ಶ್ರೀಲಂಕಾ ತಮಿಳರ ಅಂಗಡಿಗಳು ಸಾಲಾಗಿವೆ. ನಾನು ಕರಿಬೇವು ತಂದು, ಒರೆಸಿ, ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿ ಇಡುತ್ತೇನೆ.

ಹೋಟೆಲಿನಲ್ಲಿ ಸಲಾಡ್ ಅಂದರೆ ಸಸ್ಯಾಹಾರ ಅಂತ ನಂಬಬೇಡಿ. ಹಂದಿಮಾಂಸದ ಸಣ್ಣ ಚೂರುಗಳು, 'ಲಾರ್ದೋಂ' ಅಂತಾರೆ, ಸಲಾಡಿನ ಮೇಲೆ ಉದುರಿಸುವುದು ಇಲ್ಲಿ ವಾಡಿಕೆ. ಚೀಸಿನಲ್ಲೂ ನೋಡಿ, ಕೊಂತೆ, ರೊಕ್‌ಫೋರ್‌ನಂಥವಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಮೊಮ್ಮಕ್ಕಳು ಶಾಲೆಗೆ ಹೋಗುವವರಿದ್ದರೆ, ಶಾಲೆಯ ಕ್ಯಾಂಟೀನಿನಲ್ಲಿ ವಾರಕ್ಕೆ ಒಂದು ಸಸ್ಯಾಹಾರದ ಊಟ ಕೊಡಲೇಬೇಕೆಂಬ ನಿಯಮ 2019ರಿಂದ ಇದೆ. ಉಳಿದ ದಿನಗಳಿಗೆ ಏನು ಮಾಡುತ್ತೀರಿ ಅಂತ ಸೇರಿಸುವಾಗಲೇ ಕೇಳಿ.

ಪ್ರಶ್ನೆ: ಬೆಂಗಳೂರಿನ ಬ್ಯಾಂಕಿನಲ್ಲಿ ನನ್ನದೊಂದು ಹಳೆಯ ಖಾತೆ ಇದೆ. ಹೆಚ್ಚು ದುಡ್ಡೇನೂ ಇಲ್ಲ. ಫ್ರಾನ್ಸ್‌ನವರಿಗೆ ಹೇಳಬೇಕಾ?

ಹೇಳಲೇಬೇಕು. ಫ್ರಾನ್ಸ್‌ನ ತೆರಿಗೆ ನಿವಾಸಿಯಾದ ಮೇಲೆ ಹೊರದೇಶದ ಪ್ರತಿಯೊಂದು ಖಾತೆಯನ್ನೂ ಪ್ರತಿ ವರ್ಷ 3916 ಎಂಬ ಫಾರಂನಲ್ಲಿ ತೋರಿಸಬೇಕು. ಬ್ರಿಟನ್ನಿನದು, ಬೆಂಗಳೂರಿನದು, ಆ ವರ್ಷ ಮುಚ್ಚಿದ್ದು, ಎಲ್ಲ ಸೇರಿ. ಬಿಟ್ಟರೆ ಒಂದು ಖಾತೆಗೆ ಒಂದು ವರ್ಷಕ್ಕೆ 1,500 ಯೂರೋ ದಂಡ. ಸಾವಿರ ರೂಪಾಯಿ ಇರುವ ಖಾತೆಗೂ ಅಷ್ಟೇ. ತೋರಿಸಿದ ಮಾತ್ರಕ್ಕೆ ತೆರಿಗೆ ಬೀಳುವುದಿಲ್ಲ, ಹೆದರಬೇಡಿ. ಇನ್ನೊಂದು ವಿಷಯ, ಬ್ರಿಟನ್ನಿನ ಐಸಾ ಉಳಿತಾಯಕ್ಕೆ ಅಲ್ಲಿ ತೆರಿಗೆ ಇಲ್ಲ, ಆದರೆ ಫ್ರಾನ್ಸ್ ಆ ರಿಯಾಯಿತಿಯನ್ನು ಒಪ್ಪುವುದಿಲ್ಲ. ಅದನ್ನೇನು ಮಾಡುವುದು ಅಂತ ಹೊರಡುವ ಮೊದಲೇ ತಿಳಿದವರ ಹತ್ತಿರ ಕೂತು ಮಾತಾಡಿ.

ಇಲ್ಲಿ ಚೆಕ್ಕು ಇನ್ನೂ ಬಳಕೆಯಲ್ಲಿದೆ. ಕೈಯಲ್ಲಿ ಅಂಕಿ ಬರೆಯುವಾಗ 7ರ ನಡುವೆ ಒಂದು ಅಡ್ಡಗೆರೆ ಎಳೆಯಿರಿ. ಫ್ರೆಂಚರ 1ಕ್ಕೆ ಮೇಲಿನಿಂದ ಉದ್ದ ಕೊಕ್ಕೆ ಇರುತ್ತದೆ. ಗೆರೆ ಇಲ್ಲದ 7 ಅವರ ಕಣ್ಣಿಗೆ 1 ಆಗಿಬಿಡಬಹುದು.

ಪ್ರಶ್ನೆ: ನನ್ನ ಯಜಮಾನರು ಯಾರ್ಕ್‌ಷೈರಿನವರು. ಫ್ರೆಂಚರು ಬಿಗುಮಾನದವರು, ಹೊರಗಿನವರನ್ನು ಸೇರಿಸುವುದಿಲ್ಲ ಅಂತ ಅವರಿಗೆ ಭಯ. ನಿಜವಾ?

ನನ್ನ ಅನುಭವದಲ್ಲಿ ಇಲ್ಲ. ಆದರೆ ಒಂದು ಶಬ್ದ ಬಿಟ್ಟರೆ ಎಲ್ಲ ಕೆಡುತ್ತದೆ. ಇಂಗ್ಲಿಷರು ಅಂಗಡಿಗೆ ಹೋಗಿ ನಯವಾಗಿ ನಕ್ಕು, 'ಕ್ಷಮಿಸಿ, ಬ್ರೆಡ್ಡು ಇದೆಯಾ' ಅನ್ನುತ್ತಾರೆ. ಅವರ ಪ್ರಕಾರ ಅದು ಮರ್ಯಾದೆ. ಫ್ರೆಂಚರಿಗೆ ಅದು ಒರಟು. ಮೊದಲು 'ಬೋಂಜೂರ್' ಬರಬೇಕು, ಅದಕ್ಕೆ ಅವರು 'ಬೋಂಜೂರ್' ಅನ್ನಬೇಕು, ಆಮೇಲೆ ಬ್ರೆಡ್ಡು. ಬಸ್ಸು ಹತ್ತುವಾಗ, ಡಾಕ್ಟರ ಕಾಯುವ ಕೋಣೆಗೆ ಕಾಲಿಡುವಾಗ, ಕೂತವರಿಗೆಲ್ಲ ಸೇರಿಸಿ ಒಂದು ಬೋಂಜೂರ್.

ಇನ್ನೊಂದರಲ್ಲಿ ನೀವೇ ಯಜಮಾನರಿಗೆ ಮೇಷ್ಟ್ರಾಗಬಹುದು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಯೂ'. ಫ್ರೆಂಚಿನಲ್ಲಿ 'ವೂ' ಮತ್ತು 'ತ್ಯು', ಅಂದರೆ ನಮ್ಮ ನೀವು, ನೀನು. ಯಾರಿಗೆ ಯಾವುದು ಅಂತ ಇಂಗ್ಲಿಷರು ಪುಸ್ತಕ ನೋಡಿ ಕಲಿಯುತ್ತಾರೆ, ನಿಮಗೆ ಅದು ಬಾಯಿಗೇ ಬರುತ್ತದೆ. ಪಕ್ಕದ ಮನೆಯ ಅಜ್ಜಿಗೆ 'ವೂ'. ಅವರಾಗಿಯೇ 'ತ್ಯು' ಅನ್ನೋಣ ಅಂತ ಹೇಳುವವರೆಗೆ ಕಾಯಿರಿ. ಭಾಷೆಯನ್ನು ಮುಂದೂಡಬೇಡಿ, ಕಾಗದಪತ್ರಕ್ಕೂ ಬೇಕು. 2026ರಿಂದ ಹತ್ತು ವರ್ಷದ ವಾಸದ ಕಾರ್ಡಿಗೆ ಬಿ1 ಅನ್ನುವ ನಡುಮಟ್ಟದ ಫ್ರೆಂಚ್, ಪೌರತ್ವಕ್ಕೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಬಿ2 ಕೇಳುತ್ತಾರೆ. ಕಾರ್ಡಿನ ವಿಷಯದಲ್ಲಿ 65 ದಾಟಿದವರಿಗೆ ವಿನಾಯಿತಿ ಇದೆ.

ಬಂದ ಮೊದಲ ವಾರ ಇಬ್ಬರೂ ಊರಿನ 'ಮೇರಿ'ಗೆ, ಅಂದರೆ ಪುರಸಭೆ ಕಚೇರಿಗೆ, ಹೋಗಿ ಬನ್ನಿ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕಿರುತ್ತಾರೆ, ಹಳ್ಳಿಗಳಲ್ಲಿ ವಾರದ ಕೆಲವು ದಿನ ತೆರೆಯುವುದೇ ಇಲ್ಲ, ಹೊತ್ತು ನೋಡಿಕೊಂಡು ಹೋಗಿ. ಯಜಮಾನರೇ ಮುಂದೆ ಹೋಗಿ ಬೋಂಜೂರ್ ಹೇಳಲಿ. ಹೊಸದಾಗಿ ಬಂದಿದ್ದೇವೆ, ಇಂಥ ಮನೆ ಅಂತ ಹೇಳಿ, ಮರುಬಳಕೆ ಕಸದ ಹಳದಿ ಡಬ್ಬಿ ಯಾವ ದಿನ ಹೊರಗಿಡಬೇಕು ಅಂತ ಕೇಳಲಿ. ಆ ಪ್ರಶ್ನೆಯನ್ನು ಫ್ರೆಂಚಿನಲ್ಲಿ ಹೇಳುವುದು ಹೇಗೆ ಅಂತ ಬೇಕಿದ್ದರೆ ನನಗೆ ಬರೆಯಿರಿ, ಕನ್ನಡ ಅಕ್ಷರದಲ್ಲೇ ಬರೆದು ಕಳಿಸುತ್ತೇನೆ.