ಆಪ್ತಸಲಹೆ ಪ್ರಕರಣ: ಮರೆವಲ್ಲ, ನಿಧಾನ

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಬಾಗಲಕೋಟೆಯ ನವನಗರದಿಂದ ಅತ್ತೆ, ಸೊಸೆ ಬಂದಿದ್ದರು. ಸೊಸೆಗೆ 34 ವರ್ಷ. ಸೊಸೈಟಿಯೊಂದರಲ್ಲಿ ಕ್ಯಾಷಿಯರ್. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇದೆ ಅಂತ ಗೊತ್ತಾಗಿ ಮೂರು ವರ್ಷ. ಮೆದುಳು, ಬೆನ್ನುಹುರಿಯ ನರಗಳ ಮೇಲಿನ ಹೊದಿಕೆ ಕೆಡುವ ಕಾಯಿಲೆ ಇದು.

“ಕೈಕಾಲು ನೆಟ್ಟಗ ಅದಾವ್ರಿ ಮೇಡಂ. ನಾಕ್ ರೊಟ್ಟಿ ಬಡಿಯೂದ್ರಾಗ ಸುಸ್ತು ಅಂತಾಳ. ಹೇಳಿದ್ದು ತಲ್ಯಾಗ ಇರಂಗಿಲ್ಲ,” ಅಂದರು ಅತ್ತೆ.

ಅವರನ್ನು ಚಹಾಕ್ಕೆ ಕಳಿಸಿದ ಮೇಲೆ ಸೊಸೆ ಬಾಯಿಬಿಟ್ಟರು. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾರೆ. ಎಂಎಸ್‌ನಲ್ಲಿ ಇದು ಅಪರೂಪವಲ್ಲ. ಆದರೆ ಅತ್ತೆ ಮುಂದೆ ಹೇಳೋದು ಹೇಗೆ? ಡಾಕ್ಟರಿಗೂ ಹೇಳಿರಲಿಲ್ಲ.

21 ಪ್ರಶ್ನೆಗಳ ದಣಿವಿನ ಪಟ್ಟಿ ತುಂಬಿಸಿದೆ. ಕಳೆದ ನಾಲ್ಕು ವಾರದ ಲೆಕ್ಕ ಅದು. 84ಕ್ಕೆ 57 ಬಂತು. 38 ದಾಟಿದರೇ ಜಾಸ್ತಿ ಅನ್ನುವುದು ರೂಢಿ. ದಣಿವು ಎಷ್ಟಿದೆ ಅಂತ ಪಟ್ಟಿ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಹಾಗಾಗಿ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಿಸಲು, ಮೂತ್ರದ ತೊಂದರೆಯನ್ನು ನರರೋಗ ತಜ್ಞರಿಗೆ ಹೇಳಲು ಚೀಟಿ ಬರೆದೆ. ಮನಸ್ಸಿನ ಕುಗ್ಗುವಿಕೆಯನ್ನೂ ಕೇಳಿ ನೋಡಿದೆ. ಅಷ್ಟೇನೂ ಇರಲಿಲ್ಲ.

ಇನ್ನೊಂದು ದಿನ ಬೆಳಿಗ್ಗೆ, ಕಣ್ಣಿನ ದೃಷ್ಟಿ ಸರಿ ಇದೆ ಅಂತ ಖಾತ್ರಿ ಮಾಡಿಕೊಂಡು, ನಮ್ಮ ಮನಶ್ಶಾಸ್ತ್ರಜ್ಞೆ ಪರೀಕ್ಷೆ ಮಾಡಿದರು. ಹಾಳೆಯ ಮೇಲ್ಗಡೆ ಒಂಬತ್ತು ಗುರುತು, ಒಂದೊಂದಕ್ಕೂ ಒಂದು ಅಂಕಿ. ಕೆಳಗೆ ಬರೀ ಗುರುತುಗಳ ಸಾಲು. 90 ಸೆಕೆಂಡಿನಲ್ಲಿ ಎಷ್ಟಕ್ಕೆ ಅಂಕಿ ಹೇಳುತ್ತೀರೋ ಅಷ್ಟು. ಕಂತೆಗಟ್ಟಲೆ ನೋಟು ಎಣಿಸುವ ಈ ಹೆಣ್ಣುಮಗಳ ಕಣ್ಣು ಪ್ರತಿ ಗುರುತಿಗೂ ಮೇಲಿನ ಸಾಲಿಗೆ ಹೋಗಿ ಬರುತ್ತಿತ್ತು. ಒಂದೂ ತಪ್ಪಲಿಲ್ಲ. ಆದರೆ ಆ ವಯಸ್ಸು, ಓದಿಗೆ ಹೋಲಿಸಿದರೆ ತೀರಾ ಕಡಿಮೆ ಆಯಿತು. ಪದಗಳ ಪಟ್ಟಿ ಕಲಿಯಲೂ ತಡವಾಯಿತು. ಕಲಿತದ್ದು ಮಾತ್ರ ಅರ್ಧ ಗಂಟೆ ಆದರೂ ಹೋಗಿರಲಿಲ್ಲ.

ಅಂದರೆ ಮರೆವಲ್ಲ, ಒಳಗೆ ಇಳಿಯುವುದು ನಿಧಾನ. ಅತ್ತೆ ಒಲೆ ಮುಂದೆ ನಿಂತು ಒಂದೇ ಉಸಿರಿಗೆ ಐದು ಕೆಲಸ ಹೇಳಿದರೆ ಮೂರು ಒಳಗೇ ಹೋಗಿರುವುದಿಲ್ಲ.

ಸೊಸೆಗೆ ಹೇಳಿದ್ದು: ಲೆಕ್ಕದ ಕೆಲಸ ಬೆಳಿಗ್ಗೆಯೇ ಮುಗಿಸಿ, ಎಣಿಸುವಾಗ ಫೋನ್ ಎತ್ತಬೇಡಿ, ಸುಸ್ತಾಗುವ ಮೊದಲೇ ಹತ್ತು ನಿಮಿಷ ಕೂರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂಎಸ್ ಇದೆ, ಪ್ರಮಾಣಪತ್ರದ ಬಗ್ಗೆ ವಿಚಾರಿಸಿ.

ಅತ್ತೆಗೆ, ಸೊಸೆಯ ಒಪ್ಪಿಗೆ ಕೇಳಿಕೊಂಡು, ನಿದ್ದೆ ಕೆಟ್ಟಿದೆ ಅಂತಷ್ಟೇ ಹೇಳಿದೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಉಳಿದದ್ದು ಚೀಟಿಯಲ್ಲಿ ಇರಲಿ ಅಂದೆ. ಒಲೆಯ ವಿಷಯಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಹೊದಿಕೆ ಕೆಟ್ಟ ನರದಲ್ಲಿ ಮೈ ಕಾದಷ್ಟೂ ಸಂದೇಶ ಸಾಗುವುದು ಕಷ್ಟ. ತಣಿದರೆ ಮತ್ತೆ ಸರಿಹೋಗುತ್ತದೆ. ಮೈ ದಣಿದಾಗ ಎಂಎಸ್ ಇರುವವರ ದೃಷ್ಟಿ ಸ್ವಲ್ಪ ಹೊತ್ತು ಮಂಕಾಗುವುದನ್ನು ಉಥಾಫ್ ಎಂಬ ಜರ್ಮನ್ ವೈದ್ಯರು 1890ರಲ್ಲೇ ಬರೆದಿಟ್ಟಿದ್ದಾರೆ. ಅದಕ್ಕೆ ಕಾರಣ ಮೈ ಕಾವು ಅಂತ ಗೊತ್ತಾದದ್ದು ಆಮೇಲೆ. ನಮ್ಮ ಕಡೆಯ ಮೇ ತಿಂಗಳು, ಮೇಲೆ ರೊಟ್ಟಿಯ ಹಂಚು, ಕೇಳಬೇಕೇ?

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಂಗಾರ ಬ್ಯಾಸಿಗಿ ಮುಗಿಯೂತನಾ ರೊಟ್ಟಿ ಕೊಂಡು ತರೂನೇನ್ರಿ?”

ತರ್ರಿ ಅಂದೆ.