ಜೆಲ್ ಹಚ್ಚಿದ ಮೇಲೆ ಮಗುವನ್ನು ಎತ್ಕೊಳ್ಬಹುದಾ?

ಪ್ರೀತಿಯ ತಂಗಿ,

ನಿಮ್ಮ ಪತ್ರ ಸಿಕ್ಕಿತು. ಹೆಸರು ಹಾಕ್ಬೇಡಿ ಅಂದಿದ್ದೀರಿ, ಹಾಕುದಿಲ್ಲ. ಬೇರೆ ಓದುಗರಿಗೆ ಗೊತ್ತಾಗ್ಲಿಕ್ಕೆ ಇಷ್ಟು ಮಾತ್ರ ಹೇಳ್ತೇನೆ: ಇವರು ಮಂಗಳೂರಲ್ಲಿ ಕೆಲಸಕ್ಕೆ ಹೋಗುವ ಟ್ರಾನ್ಸ್ ಹುಡುಗಿ, ಇರುದು ಅಕ್ಕನ ಮನೆಯಲ್ಲಿ, ಡಾಕ್ಟರು ಎಸ್ಟ್ರಾಡಯಾಲ್ ಅನ್ನುವ ಹೆಣ್ಣು ಹಾರ್ಮೋನಿನ ಜೆಲ್ ಮತ್ತೆ ಗಂಡು ಹಾರ್ಮೋನನ್ನು ತಡೆಯುವ ಸ್ಪೈರೋನೊಲ್ಯಾಕ್ಟೋನ್ ಮಾತ್ರೆ ಬರ್ಕೊಟ್ಟಿದ್ದಾರೆ. ಅಕ್ಕನ ಸಣ್ಣ ಮಗು ಇವರ ಹೆಗಲ ಮೇಲೇ ನಿದ್ದೆ ಮಾಡುದಂತೆ, ಅದಕ್ಕೆ ತೊಂದರೆ ಉಂಟಾ, ಬೇಗ ಬದಲಾವಣೆ ಕಾಣ್ಲಿಕ್ಕೆ ಜೆಲ್ಲನ್ನು ಎದೆಗೇ ಹಚ್ಚಬಹುದಾ, ಡಬ್ಬಲ್ ಹಾಕ್ಬಹುದಾ, ಫ್ರೆಂಡ್ ಒಬ್ಬಳು ಮೆಡಿಕಲಿನಿಂದ ಗರ್ಭನಿರೋಧಕ ಮಾತ್ರೆ ತಂದು ನುಂಗ್ತಾಳೆ ಅದು ಸಾಕಾಗುದಿಲ್ವಾ, ಅಕ್ಕನಿಗೆ ಹೇಳ್ಬೇಕಾ ಅಂತ ಕೇಳಿದ್ದಾರೆ.

ನಿಮ್ಮ ಡೋಸ್ ಡಾಕ್ಟರಿಗೆ ಬಿಟ್ಟದ್ದು, ಅದಕ್ಕೆ ನಾನು ಕೈ ಹಾಕುದಿಲ್ಲ. ಹಚ್ಚುವ ಕ್ರಮ ಹೇಳ್ತೇನೆ, ಯಾಕಂದ್ರೆ ರಶ್ ಇರುವ ಓಪಿಡಿಯಲ್ಲಿ ಇದನ್ನೆಲ್ಲ ಬಿಡಿಸಿ ಹೇಳ್ಲಿಕ್ಕೆ ಹೆಚ್ಚಿನವರಿಗೆ ಪುರುಸೊತ್ತು ಇರುದಿಲ್ಲ.

ಮೊದಲು ಮಗುವಿನ ವಿಷಯ. ನೀವು ಹೆದರಿದ್ದು ಸರಿಯೇ. ಚರ್ಮದ ಮೇಲೆ ಉಳಿದ ಜೆಲ್ ಇನ್ನೊಬ್ಬರ ಚರ್ಮಕ್ಕೆ ಹೋಗ್ತದೆ. 2010ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದೇ ಹಾರ್ಮೋನಿನ ಒಂದು ಸ್ಪ್ರೇ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು, ಸ್ಪ್ರೇ ಹಾಕಿದ ಜಾಗ ತಾಗಿ ಸಣ್ಣ ಮಕ್ಕಳಲ್ಲಿ ಎದೆ ಊದಿಕೊಂಡದ್ದು, ಸಾಕುನಾಯಿಗಳಿಗೂ ತೊಂದರೆ ಆದದ್ದು ವರದಿಯಾಗಿತ್ತು. ಹಾಗಂತ ಮಗುವನ್ನು ದೂರ ಇಡ್ಬೇಕಾಗಿಲ್ಲ. ಮಗು ಒರಗುವ ಹೆಗಲಿಗೆ, ತೋಳಿಗೆ ಹಚ್ಚುದನ್ನು ನಿಲ್ಲಿಸಿ, ಒಳತೊಡೆಗೆ ಹಚ್ಚಬಹುದಾ ಅಂತ ಡಾಕ್ಟರ ಹತ್ರ ಕೇಳಿ, ಕೆಲವು ಜೆಲ್‌ಗಳ ಚೀಟಿಯಲ್ಲೇ ಆ ಜಾಗ ಬರೆದಿರ್ತದೆ. ಸಂಜೆ ಡ್ಯೂಟಿಯಿಂದ ಬಂದು ಸ್ನಾನ ಮಾಡಿ, ಮೈ ಪೂರ್ತಿ ಒರಸಿ, ಫ್ಯಾನಿನಡಿ ಸ್ವಲ್ಪ ಕೂತು ಬೆವರು ಆರಿದ ಮೇಲೆ ಹಚ್ಚಿ, ನಮ್ಮ ಈ ಸೆಕೆಯಲ್ಲಿ ಬೆವರಿನ ಮೇಲೆಯೇ ಹಚ್ಚಿದ್ರೆ ಅದು ಒಣಗುದೂ ಇಲ್ಲ ಸರಿಯಾಗಿ ಹಿಡಿಯುದೂ ಇಲ್ಲ. ತೆಳ್ಳಗೆ ಹರಡಿದ್ರೆ ಸಾಕು, ಎಣ್ಣೆ ಹಾಕಿದ ಹಾಗೆ ತಿಕ್ಕುದು ಬೇಡ. ಐದು ನಿಮಿಷ ಒಣಗಲು ಬಿಟ್ಟು ಮೇಲೆ ಸಡಿಲ ಕಾಟನ್ ಬಟ್ಟೆ ಹಾಕಿ, ಕೈ ಸೋಪಲ್ಲಿ ತೊಳೀರಿ. ಕಡಿಮೆ ಅಂದ್ರೂ ಒಂದು ಗಂಟೆ ಆ ಜಾಗಕ್ಕೆ ನೀರು, ಲೋಶನ್, ತೆಂಗಿನೆಣ್ಣೆ, ಬೇರೆಯವರ ಮೈ ಯಾವುದೂ ತಾಗ್ಬಾರ್ದು. ನಿಮ್ಮ ಟವೆಲ್ ಬೇರೆಯೇ ಇರ್ಲಿ. ಅಕಸ್ಮಾತ್ ಮಗುವಿಗೆ ತಾಗಿದ್ರೆ ತಕ್ಷಣ ಸೋಪು ನೀರಲ್ಲಿ ತೊಳೀರಿ, ಮಗುವಿನ ಮೊಲೆತೊಟ್ಟಿನ ಸುತ್ತ ಊತ ಕಂಡ್ರೆ ಮಕ್ಕಳ ಡಾಕ್ಟರಿಗೆ ಜೆಲ್ ವಿಷಯ ಬಾಯಿಬಿಟ್ಟು ಹೇಳಿ, ಹೇಳದಿದ್ರೆ ಅವರು ಸುಮ್ಮನೆ ಬೇರೆ ಕಾರಣ ಹುಡುಕ್ತಾ ಕೂತ್ಕೊಳ್ತಾರೆ.

ಇನ್ನೊಂದುಂಟು, ಜೆಲ್ಲಲ್ಲಿ ಆಲ್ಕೋಹಾಲ್ ಇರ್ತದೆ, ಬೆಂಕಿ ಹಿಡೀತದೆ. ಸ್ನಾನ ಆದ ಕೂಡ್ಲೇ ದೇವರಿಗೆ ದೀಪ ಹಚ್ಚುವ ಅಭ್ಯಾಸ ಇದ್ರೆ ದೀಪ ಮೊದಲು, ಜೆಲ್ ಆಮೇಲೆ. ಗ್ಯಾಸ್ ಒಲೆಗೂ ಅದೇ ಮಾತು.

ಎದೆಗೆ ಹಚ್ಚುದು ಬೇಡವೇ ಬೇಡ. ಔಷಧ ರಕ್ತಕ್ಕೆ ಸೇರಿ ಅಲ್ಲಿಂದ ಇಡೀ ಮೈಗೆ ಕೆಲಸ ಮಾಡುದು. ಎದೆಯ ಬದಲಾವಣೆ ಸಾಧಾರಣ 3ರಿಂದ 6 ತಿಂಗಳಲ್ಲಿ ಶುರುವಾಗಿ ಪೂರ್ತಿ ಆಗ್ಲಿಕ್ಕೆ 2–3 ವರ್ಷ ಹಿಡೀತದೆ, ಡಬ್ಬಲ್ ಹಾಕಿದ್ರೆ ಆ ಕಾಲ ಅರ್ಧ ಆಗುದಿಲ್ಲ. ಕನ್ನಡಿ ಮುಂದೆ ನಿಂತು ದಿನ ಎಣಿಸುವ ಸಂಕಟ ನನಗೆ ಅರ್ಥ ಆಗ್ತದೆ, ಆದ್ರೂ ಡೋಸ್ ಏರಿಸುದು ರಿಪೋರ್ಟ್ ನೋಡಿಯೇ ಆಗ್ಬೇಕು. ಎಂಡೋಕ್ರೈನ್ ಡಾಕ್ಟರುಗಳು, ಅಂದ್ರೆ ಹಾರ್ಮೋನ್ ತಜ್ಞರು, ಸಾಮಾನ್ಯವಾಗಿ ನೋಡುದು ರಕ್ತದಲ್ಲಿ ಎಸ್ಟ್ರಾಡಯಾಲ್ ಒಂದು ಮಿಲಿಲೀಟರಿಗೆ 100ರಿಂದ 200 ಪಿಕೋಗ್ರಾಮ್, ಗಂಡು ಹಾರ್ಮೋನ್ ಟೆಸ್ಟೊಸ್ಟೆರಾನ್ ಒಂದು ಡೆಸಿಲೀಟರಿಗೆ 50 ನ್ಯಾನೋಗ್ರಾಮಿಗಿಂತ ಕಡಿಮೆ ಉಂಟಾ ಅಂತ, ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ. ಬ್ಲಡ್ ಕೊಡುವಾಗ ಒಂದು ನೆನಪಿಟ್ಕೊಳ್ಳಿ, ಜೆಲ್ ಹಚ್ಚಿದ ತೋಳಿಂದಲೇ ರಕ್ತ ತೆಗೆದ್ರೆ ಚರ್ಮದ ಮೇಲಿನ ಹಾರ್ಮೋನ್ ಸೇರಿ ರಿಪೋರ್ಟ್ ಸುಳ್ಳೇ ಜಾಸ್ತಿ ತೋರಿಸ್ತದೆ, ಅದನ್ನು ನಂಬಿ ಡೋಸ್ ಇಳಿಸಿದ್ರೆ ನಷ್ಟ ನಿಮಗೇ.

ಪ್ರಮಾಣ ಕಣ್ಣಂದಾಜಲ್ಲಿ ಬೇಡ. 0.06% ಜೆಲ್ ಆದ್ರೆ 1.25 ಗ್ರಾಮಲ್ಲಿ 0.75 ಮಿಲಿಗ್ರಾಮ್ ಎಸ್ಟ್ರಾಡಯಾಲ್ ಇರ್ತದೆ, ಬೇರೆ ಕಂಪೆನಿಯದ್ದರಲ್ಲಿ ಲೆಕ್ಕ ಬೇರೆ, ಹಾಗಾಗಿ ಬ್ರಾಂಡ್ ಬದಲಾದ್ರೆ ಕೇಳದೆ ಹಚ್ಬೇಡಿ. ಯೋನಿಗೆ ಹಚ್ಚುವ ಎಸ್ಟ್ರಿಯಾಲ್ ಕ್ರೀಮ್ ಅಂತ ಒಂದುಂಟು, "ಎರಡೂ ಒಂದೇ" ಅಂತ ಯಾರಾದ್ರೂ ಕೊಟ್ರೆ ತಗೊಳ್ಬೇಡಿ, ಒಂದೇ ಅಲ್ಲ.

ಸ್ಪೈರೋನೊಲ್ಯಾಕ್ಟೋನ್ ತಗೊಳ್ಳುವವರು ದಿನಾ ಬೊಂಡ (ಎಳನೀರು) ಕುಡಿಯುವ ಮೊದಲು ಡಾಕ್ಟರಲ್ಲಿ ಕೇಳ್ಬೇಕು. ಬೊಂಡದ ನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಆ ಮಾತ್ರೆಯೂ ಪೊಟ್ಯಾಸಿಯಂ ಏರಿಸ್ತದೆ, ಎರಡೂ ಸೇರಿದ್ರೆ ಹೃದಯದ ಬಡಿತಕ್ಕೇ ತೊಂದರೆ ಆಗ್ಬಹುದು. ನಮ್ಮ ಊರಲ್ಲಿ ಸೆಕೆಗೆ ಎಲ್ಲರೂ ಮೊದಲು ಕೊಡುದೇ ಬೊಂಡ, ಅದಕ್ಕೆ ಇಷ್ಟು ಒತ್ತಿ ಹೇಳಿದ್ದು.

ನಿಮ್ಮ ಫ್ರೆಂಡಿನ ಬಗ್ಗೆ ನನಗೆ ನಿಜವಾಗಿ ಚಿಂತೆ ಆಯ್ತು. ಗರ್ಭನಿರೋಧಕ ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುದು ಎಥಿನೈಲ್ ಎಸ್ಟ್ರಾಡಯಾಲ್ ಅನ್ನುವ ಕೃತಕ ಹಾರ್ಮೋನ್, ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ ಅಂತ ಟ್ರಾನ್ಸ್ ಜನರ ಆರೋಗ್ಯ ನೋಡುವ ತಜ್ಞರ ಅಂತರರಾಷ್ಟ್ರೀಯ ಸಂಘ ಡಬ್ಲ್ಯೂಪ್ಯಾತ್‌ನ 2022ರ ಮಾರ್ಗಸೂಚಿ ಈ ಚಿಕಿತ್ಸೆಗೆ ಅದು ಬೇಡ ಅಂತಲೇ ಹೇಳ್ತದೆ. ನುಂಗಿದ ಹಾರ್ಮೋನ್ ಮೊದಲು ಲಿವರಿಗೆ ಹೋಗ್ತದೆ, ರಕ್ತ ಗಟ್ಟಿಯಾಗಿಸುವ ಪ್ರೋಟೀನುಗಳು ತಯಾರಾಗುದು ಅಲ್ಲೇ. ಚರ್ಮದ ದಾರಿಯಲ್ಲಿ ಹೋದದ್ದು ನೇರ ರಕ್ತಕ್ಕೆ, ಹಾಗಾಗಿ ಅಪಾಯ ಕಡಿಮೆ, ಆದ್ರೆ ಸಿಗರೇಟ್ ಸೇದಿದ್ರೆ ಆ ಲಾಭ ಕೈಬಿಟ್ಟ ಹಾಗೆಯೇ. ಒಂದೇ ಕಾಲು ಊದಿ ನೋವಾದ್ರೆ, ಎದೆನೋವು, ಉಸಿರು ಕಟ್ಟಿದ ಹಾಗೆ ಆದ್ರೆ, ಒಂದು ಬದಿ ಶಕ್ತಿ ಹೋದ್ರೆ ರಾತ್ರಿ ಎಷ್ಟೊತ್ತಾದ್ರೂ ಕ್ಯಾಶುವಾಲ್ಟಿಗೆ ಹೋಗ್ಬೇಕು, ಅವಳೂ ನೀವೂ. ಮಂಗಳೂರು, ಮಣಿಪಾಲದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಎಂಡೋಕ್ರೈನಾಲಜಿ ವಿಭಾಗ ಉಂಟು, ಅವಳಿಗೆ ಒಬ್ಬಳೇ ಹೋಗ್ಲಿಕ್ಕೆ ಹೆದರಿಕೆ ಆದ್ರೆ ನೀವೂ ಜೊತೆಗೆ ಹೋಗಿ.

ಮುಂದೆ ಸ್ವಂತ ಮಗು ಬೇಕು ಅಂತ ಮನಸ್ಸಲ್ಲಿದ್ರೆ ವೀರ್ಯ ಫ್ರೀಜ್ ಮಾಡಿಡುವ ಮಾತು ಈಗಲೇ ಆಡಿ, ತಡ ಮಾಡಿದಷ್ಟು ಕಷ್ಟ.

ಅಕ್ಕನಿಗೆ ಹೇಳಿ. ನೀವು ಯಾರು ಅಂತ ಅವರಿಗೆ ಗೊತ್ತುಂಟು, ಮನೆಯಲ್ಲಿ ಇಟ್ಕೊಂಡಿದ್ದಾರೆ, ಮಗುವನ್ನು ನಿಮ್ಮ ಕೈಗೆ ಕೊಡ್ತಾರೆ ಅಂತ ನೀವೇ ಬರೆದಿದ್ದೀರಿ. "ಅಕ್ಕ, ನಾನು ಸಂಜೆ ಈ ಜೆಲ್ ಹಚ್ಚುದು, ಅದಾಗಿ ಒಂದು ಗಂಟೆ ಮಗುವನ್ನು ನೀನೇ ನೋಡ್ಕೊ, ಟ್ಯೂಬ್ ಮೇಲಿನ ಕಪಾಟಲ್ಲಿ ಇಡ್ತೇನೆ" ಅಂತ ಹೇಳಿದ್ರೆ ಸಾಕು.

ಪ್ರೀತಿಯಿಂದ,
ಸಂಪಾದಕಿ