ಕರಿಬೇವಿನ ಎಲೆ ಮೇಲೆ ಅಲುಗಾಡುವ ‘ಹಿಕ್ಕೆ’: ಔಷಧಿ ಹೊಡೆಯಬೇಕೇ?

ಹಕ್ಕಿ ಹಿಕ್ಕೆಯಂತಿದ್ದು ಮುಟ್ಟಿದರೆ ಅಲುಗಾಡುತ್ತದೆ ಅಂದರೆ ಅದು ಬಹುತೇಕ ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳು. ನಿಂಬೆ ಚಿಟ್ಟೆಯದೂ ಇರಬಹುದು. ಈ ಹಂತದಲ್ಲಿ ಎರಡೂ ಒಂದೇ ಥರ. ಹಕ್ಕಿಗಳ ಕಣ್ಣು ತಪ್ಪಿಸಲು ಈ ವೇಷ. ನಾಲ್ಕನೇ ಸಲ ಪೊರೆ ಕಳಚಿದ ಮೇಲೆ ಹಸಿರಾಗುತ್ತದೆ. ಆಗ ಬೆನ್ನು ತಟ್ಟಿ ನೋಡಿ, ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ.

ಔಷಧಿ ಬೇಡ, ಅಡುಗೆಗೆ ಬಳಸುವ ಸೊಪ್ಪು. ಎದೆಯೆತ್ತರದ ಗಿಡ ಎರಡು-ಮೂರು ಹುಳುಗಳನ್ನು ತಾಳಿಕೊಂಡು ಮತ್ತೆ ಚಿಗುರುತ್ತದೆ. ಕುಂಡದ ಪುಟ್ಟ ಗಿಡವಾದರೆ ಹುಳುವನ್ನು ಕಿತ್ತೆಳೆಯದೆ, ಕೂತ ಎಲೆ ಸಮೇತ ಕತ್ತರಿಸಿ ದೊಡ್ಡ ಕರಿಬೇವಿನ ಗಿಡಕ್ಕೆ ಸಿಕ್ಕಿಸಿ. ನಿಂಬೆ ಗಿಡಕ್ಕೆ ಬಿಟ್ಟರೆ ತಿನ್ನದೆಯೂ ಇರಬಹುದು. ಆಮೇಲೆ ವಾರಕ್ಕೆರಡು ಸಲ ಚಿಗುರೆಲೆ ಮಗುಚಿ ಸಾಸಿವೆಯಷ್ಟು ದಪ್ಪದ ತಿಳಿಹಳದಿ ಮೊಟ್ಟೆ ಇದೆಯೇ ನೋಡಿ. ಚಿಟ್ಟೆ ಒಂದೊಂದೇ ಬಿಡಿಯಾಗಿ ಇಟ್ಟಿರುತ್ತದೆ.